ಚಪ್ಪಟೆ ಹೆಗಲಿನ ಯೂನಿಸೈಕಲ್: ಮೂರು ವರ್ಷದ ಬಳಕೆಯ ನಂತರ

ಈ ಫ್ರೀಸ್ಟೈಲ್ ಯೂನಿಸೈಕಲ್, ಅಂದರೆ ಕಸರತ್ತಿಗೆಂದು ಮಾಡಿದ ಒಂಟಿ ಚಕ್ರದ ಸೈಕಲ್, ಕೊಳ್ಳುವಾಗ ನಾನು ನೋಡಿದ್ದು ಸೀಟಿನ ಮೆತ್ತನೆಯನ್ನು ಮತ್ತು ರಿಮ್ಮಿನ ಬಣ್ಣವನ್ನು. ನೋಡದೆ ಬಿಟ್ಟದ್ದು ಫ್ರೇಮಿನ ಹೆಗಲನ್ನು. ಚಕ್ರದ ಎರಡೂ ಬದಿಯಿಂದ ಮೇಲೇರುವ ಕವೆಯ ಕಾಲುಗಳು ಟೈರಿನ ನೆತ್ತಿಯ ಮೇಲೆ ಕೂಡಿಕೊಳ್ಳುವ ಜಾಗವನ್ನು ನಾನು ಹೆಗಲು ಎನ್ನುತ್ತಿದ್ದೇನೆ. ಎಷ್ಟೋ ಮಾದರಿಗಳಲ್ಲಿ ಅದು ದುಂಡಗೆ ಇಳಿಜಾರಾಗಿರುತ್ತದೆ. ಇದರಲ್ಲಿ ಚೌಕವಾಗಿ, ಚಪ್ಪಟೆಯಾಗಿ, ಸೀಟುಗಂಬದ ಎರಡೂ ಮಗ್ಗುಲಲ್ಲಿ ಶೂವಿನ ನಡುಭಾಗ ಊರುವಷ್ಟು ಅಗಲವಾಗಿದೆ. ಮೊದಲ ವರ್ಷ ನನ್ನ ಪಾಲಿಗೆ ಅದು ಧೂಳು ಕೂರುವ ಜಾಗವಷ್ಟೇ ಆಗಿತ್ತು. ಈ ವಿಮರ್ಶೆಯನ್ನು ಬರೆಯುವಂತೆ ಮಾಡಿದ್ದು ಅದೇ ಜಾಗ. 20 ಇಂಚಿನ ಚಕ್ರ, ಗಿಡ್ಡ ಕ್ರ್ಯಾಂಕು (ಪೆಡಲನ್ನು ಚಕ್ರದ ಅಚ್ಚಿಗೆ ಜೋಡಿಸುವ ತೋಳು) ಮುಂತಾದ ವಿವರಗಳೆಲ್ಲ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುವುದರಿಂದ ಅವನ್ನು ಬಿಡುತ್ತೇನೆ.

ಬೆಳಗಿನ ಅಭ್ಯಾಸಕ್ಕೆ ಮುನ್ನ ನನ್ನದೊಂದು ಕ್ರಮವಿದೆ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಬೆರಳು ತಗ್ಗಿದರೆ ತಿರುವುಗಳಲ್ಲಿ ಚಕ್ರ ಅಂಟಿಕೊಂಡಂತಾಗುವುದರಿಂದ ಗಾಳಿ ತುಂಬುತ್ತೇನೆ. ಸೀಟನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಚಕ್ರವನ್ನು ತುಸು ತಿರುಚಿ, ಸೀಟುಗಂಬದ ಹಿಡಿಕೆ ಸಡಿಲವಾಗಿದೆಯೇ ಎಂದು ನೋಡುತ್ತೇನೆ. ಆಮೇಲೆ ಹಳೆಯ ಬನಿಯನ್ ತುಂಡೊಂದರಿಂದ ಹೆಗಲಿನ ಎರಡು ಚೌಕಗಳನ್ನು ಒರೆಸುತ್ತೇನೆ, ಏಕೆಂದರೆ ಅಲ್ಲಿ ಕೂತ ಒಂದು ಚಿಟಿಕೆ ಮರಳೂ ಕಾಲನ್ನು ಜಾರಿಸಬಲ್ಲದು. ಕೊನೆಗೆ ಶೂ ಲೇಸಿನ ತುದಿಗಳನ್ನು ಒಳಕ್ಕೆ ತುರುಕುತ್ತೇನೆ. ಒಮ್ಮೆ ಲೇಸು ಪೆಡಲಿನ ಬುಡಕ್ಕೆ ಸುತ್ತಿಕೊಂಡ ಮೇಲೆ ಈ ಕೊನೆಯ ಕೆಲಸವನ್ನು ನಾನು ಮರೆತದ್ದಿಲ್ಲ.

ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಬಂದಿತ್ತು. ಅದರಲ್ಲಿ ಕಸರತ್ತುಗಳ ಹೆಸರುಗಳಿದ್ದವು, ವಿವರಣೆ ಮಾತ್ರ ಇರಲಿಲ್ಲ. ಹೆಸರೇ ವಿವರಣೆ ಎಂದು ತಯಾರಕರು ಭಾವಿಸಿದ್ದಿರಬಹುದು. ನಾನೂ ಹಾಗೆಯೇ ನಂಬಿದೆ, ಮತ್ತು ಆ ನಂಬಿಕೆಗೆ ತಿಂಗಳುಗಟ್ಟಲೆ ತೆರಬೇಕಾಯಿತು. ಮೊದಲನೆಯದು ಐಡ್ಲಿಂಗ್. ಸುಮ್ಮನೆ ನಿಲ್ಲುವುದು ಎಂಬ ಅರ್ಥ ಕೊಡುವ ಈ ಪದವನ್ನು ನೆಚ್ಚಿ ನಾನು ನಿಜವಾಗಿಯೂ ನಿಲ್ಲಲು ಹೋಗಿ, ಪ್ರತಿ ಸಲವೂ ಮಗುಚಿಕೊಂಡೆ. ಅಲ್ಲಿ ಸುಮ್ಮನಿರುವ ಕ್ಷಣವೇ ಇಲ್ಲ: ಒಂದು ಪಾದ ಕೆಳಗೆ ಭಾರ ಹೊತ್ತು ನಿಂತಿರುತ್ತದೆ, ಮೇಲಿನ ಪಾದದ ಕೆಳಗೆ ಕ್ರ್ಯಾಂಕು ಹಿಂದಕ್ಕೂ ಮುಂದಕ್ಕೂ ಹೊಯ್ದಾಡುತ್ತದೆ, ಸೀಟು ಇದ್ದಲ್ಲೇ ಇರಲು ಚಕ್ರ ಅದರ ಅಡಿಯಲ್ಲಿ ಬಿಡುವಿಲ್ಲದೆ ಓಲಾಡುತ್ತದೆ. ನನ್ನ ಅಭ್ಯಾಸದ ಪುಸ್ತಕದಲ್ಲಿ ಆ ಹೆಸರನ್ನು ಹೊಡೆದುಹಾಕಿ ‘ತೂಗು’ ಎಂದು ಬರೆದುಕೊಂಡೆ. ತೊಟ್ಟಿಲ ಲಯ ಮನಸ್ಸಿಗೆ ಬಂದ ವಾರದಲ್ಲೇ ಐವತ್ತು ತೂಗು ಸಾಧ್ಯವಾದವು.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ವೀಲ್ ವಾಕ್. ಪೆಡಲುಗಳಿಂದ ಎರಡೂ ಕಾಲು ತೆಗೆದು, ಹೆಗಲಿನ ಮುಂದೆ ಟೈರಿನ ಮೇಲಿಟ್ಟು, ಒಂದಾದ ಮೇಲೊಂದರಂತೆ ಅಂಗಾಲಿನಿಂದ ಟೈರನ್ನು ಮುಂದಕ್ಕೆ ತಳ್ಳುತ್ತಾ ಸಾಗುವ ಕಸರತ್ತಿದು. ನಡಿಗೆ ಎಂದ ಕೂಡಲೇ ನಮ್ಮ ಮೈ ಒಂದೊಂದು ಹೆಜ್ಜೆಗೂ ಭಾರವನ್ನು ಪಾದಕ್ಕೆ ಇಳಿಸುತ್ತದೆ. ಇಲ್ಲಿ ಹಾಗೆ ಮಾಡಿದರೆ ಟೈರು ಅಲ್ಲೇ ಸಿಕ್ಕಿಬಿದ್ದು ಸವಾರ ಮುಂದಕ್ಕೆ ಚೆಲ್ಲಿಹೋಗುತ್ತಾನೆ. ಭಾರವೆಲ್ಲ ಸೀಟಿನಲ್ಲೇ ಉಳಿಯಬೇಕು, ಪಾದ ಟೈರಿಗೆ ತಾಗಿಯೂ ತಾಗದಂತೆ ಸಣ್ಣ ಸಣ್ಣ ತಳ್ಳುಗಳನ್ನಷ್ಟೇ ಕೊಡಬೇಕು. ಪುಸ್ತಕದಲ್ಲಿ ಇದರ ಹೆಸರು ‘ಅಂಗಾಲುತಳ್ಳು’ ಎಂದಾಯಿತು. ಕಿವಿಗೆ ಅಷ್ಟೇನೂ ಇಂಪಲ್ಲ, ಒಪ್ಪುತ್ತೇನೆ. ಆದರೆ ಏನು ಮಾಡಬೇಕೆಂಬುದನ್ನು ಅದು ಸುಳ್ಳಿಲ್ಲದೆ ಹೇಳುತ್ತದೆ.

ಹೆಗಲಿನ ಬೆಲೆ ತಿಳಿದದ್ದು ಇದರ ಮುಂದಿನ ಮೆಟ್ಟಿಲಿನಲ್ಲಿ. ಒಂಟಿಕಾಲಿನಲ್ಲಿ ಟೈರನ್ನು ತಳ್ಳುವಾಗ ಇನ್ನೊಂದು ಪಾದಕ್ಕೆ ನೆಲೆ ಬೇಕು, ಮತ್ತು ಆ ನೆಲೆ ಇರುವುದು ಹೆಗಲ ಮೇಲೆ. ಅಲ್ಲಿಂದ ಗ್ಲೈಡಿಂಗ್‌ಗೆ ಒಂದೇ ಹೆಜ್ಜೆ: ತಳ್ಳುವುದನ್ನು ನಿಲ್ಲಿಸಿ, ಒಂದು ಪಾದವನ್ನು ಹೆಗಲ ಮೇಲೂ ಇನ್ನೊಂದನ್ನು ಉರುಳುವ ಟೈರಿನ ಮೇಲೂ ಹಗುರವಾಗಿ ಇಟ್ಟುಕೊಂಡು ಸಾಗುವುದು. ನೋಡುವವರಿಗೆ ತೇಲಿದಂತೆ ಕಾಣುತ್ತದೆ, ಹೆಸರೂ ಅದನ್ನೇ ಹೇಳುತ್ತದೆ. ಸವಾರನಿಗೆ ಮಾತ್ರ ಅದು ಆದಿಯಿಂದ ಅಂತ್ಯದವರೆಗೂ ಬ್ರೇಕಿನ ಕೆಲಸ. ಮೈ ಕೂದಲೆಳೆಯಷ್ಟು ಹಿಂದಕ್ಕೆ ವಾಲಿರುತ್ತದೆ. ಇನ್ನೇನು ಹಿಂದಕ್ಕೆ ಬೀಳುತ್ತೇನೆ ಎನ್ನುವಾಗ ಅಂಗಾಲಿನ ಉಜ್ಜು ಚಕ್ರವನ್ನು ತುಸು ನಿಧಾನಿಸಿ ಮೈಯನ್ನು ಮತ್ತೆ ಮೇಲೆತ್ತುತ್ತದೆ. ಶೂವಿನ ಅಟ್ಟೆ ಟೈರಿಗೆ ಸವರುವ ಆ ಸಣ್ಣ ಸುಯ್ ಸದ್ದನ್ನು ಕೇಳಿಸಿಕೊಳ್ಳುವುದಕ್ಕೆಂದೇ ನಾನು ದಿನವೂ ಬೇಗ ಏಳುತ್ತೇನೆ. ಎರಡೂ ಪಾದಗಳನ್ನು ಹೆಗಲ ಮೇಲಿಟ್ಟು, ಟೈರನ್ನು ಮುಟ್ಟದೆಯೇ ಸಾಗುವ ಕೋಸ್ಟಿಂಗ್‌ನಲ್ಲಿ ಆ ಬ್ರೇಕೂ ಇಲ್ಲ. ನನ್ನ ಪುಸ್ತಕದಲ್ಲಿ ಇವೆರಡೂ ಕ್ರಮವಾಗಿ ‘ಉಜ್ಜುತೇಲು’ ಮತ್ತು ‘ಮುಟ್ಟದ ತೇಲು’. ಎರಡನೆಯದರ ಮುಂದಿನ ಸಾಲು ಇನ್ನೂ ಖಾಲಿ.

ಹೀಗೆ ಸ್ವಂತ ಹೆಸರಿಡುವುದು ಖಾಸಗಿ ಅಭ್ಯಾಸಕ್ಕಷ್ಟೇ ಸರಿ ಎಂಬುದೂ ನನಗೆ ತಿಳಿದಿದೆ. ಅಂತರರಾಷ್ಟ್ರೀಯ ಯೂನಿಸೈಕಲ್ ಒಕ್ಕೂಟದ ಕೌಶಲ ಪಟ್ಟಿಯಲ್ಲಿ 10 ಮಟ್ಟಗಳಿವೆ. ಅದರ ಸ್ಟ್ಯಾಂಡರ್ಡ್ ಸ್ಕಿಲ್ ಸ್ಪರ್ಧೆಯಲ್ಲಂತೂ ಸವಾರರು ಮೊದಲೇ ಬರೆದುಕೊಟ್ಟ 18 ಕಸರತ್ತುಗಳನ್ನು 3 ನಿಮಿಷದೊಳಗೆ ತೋರಿಸಬೇಕಾಗಿರುವುದರಿಂದ, ಹೆಸರಿನಲ್ಲಿ ತೀರ್ಪುಗಾರರಿಗೂ ಸವಾರರಿಗೂ ಒಂದೇ ಅರ್ಥ ಕಾಣಲೇಬೇಕು. ಅಲ್ಲಿ ‘ಅಂಗಾಲುತಳ್ಳು’ ನಡೆಯುವುದಿಲ್ಲ.

ಇಲ್ಲಿಗೆ ಹೊಗಳಿಕೆ ಮುಗಿಯಿತು. ಅದೇ ಹಾಳೆಯ ಕೊನೆಯ ಮಡಿಕೆಯಲ್ಲಿ ಯೂನಿಸ್ಪಿನ್, ಕ್ರ್ಯಾಂಕ್‌ಫ್ಲಿಪ್, ಹಿಕ್‌ಫ್ಲಿಪ್, ಟ್ರೇಫ್ಲಿಪ್ ಎಂಬ ಹೆಸರುಗಳೂ ಇದ್ದವು. ಯೂನಿಸ್ಪಿನ್ ಎಂದರೆ ನೆಗೆದು, ಕಾಲ್ಕೆಳಗೆ ಇಡೀ ಸೈಕಲ್ಲನ್ನು ಬುಗುರಿಯಂತೆ ತಿರುಗಿಸಿ ಮತ್ತೆ ಪೆಡಲಿಗೆ ಇಳಿಯುವುದು. ಕ್ರ್ಯಾಂಕ್‌ಫ್ಲಿಪ್‌ನಲ್ಲಿ ಫ್ರೇಮು ಹಾಗೇ ಇದ್ದು ಚಕ್ರ ಮತ್ತು ಪೆಡಲುಗಳು ಒಂದು ಸುತ್ತು ಹಾಕುತ್ತವೆ. 180 ಡಿಗ್ರಿಯ ಯೂನಿಸ್ಪಿನ್‌ಗೆ ಆ ಸುತ್ತು ಸೇರಿದರೆ ಹಿಕ್‌ಫ್ಲಿಪ್, 360ಕ್ಕೆ ಸೇರಿದರೆ ಟ್ರೇಫ್ಲಿಪ್. ಎರಡನೆಯ ಹೆಸರು ಸ್ಕೇಟ್‌ಬೋರ್ಡಿನವರಿಂದ ಬಂದ ಸಾಲ. ಹೆಸರುಗಳೊಳಗಿನ ಈ ಲೆಕ್ಕಾಚಾರ ನನಗೆ ಬಹಳ ಹಿಡಿಸಿತು, ಹಿಡಿಸಿದ್ದೇ ಮುಳುವಾಯಿತು.

180 ಡಿಗ್ರಿ ಯೂನಿಸ್ಪಿನ್ ಮಾಡಿದಾಗ ಸೈಕಲ್ ಹಿಂದುಮುಂದಾಗುತ್ತದೆ. ಎಡ ಕ್ರ್ಯಾಂಕು ಬಲಗಾಲಿನ ಕೆಳಗೆ ಬರುತ್ತದೆ. ಎಡ ಪೆಡಲಿನ ತಿರುಪಿನ ಸುಳಿ ಬಲದ್ದಕ್ಕೆ ವಿರುದ್ಧವಾಗಿರುವುದು, ಸರಿಯಾದ ದಿಕ್ಕಿನಲ್ಲಿ ತುಳಿದಾಗ ಪೆಡಲುಗಳು ಸಡಿಲವಾಗದಿರಲೆಂದು. ಹಿಂದುಮುಂದಾದ ಸೈಕಲ್ಲಿನಲ್ಲಿ ಮುಂದಕ್ಕೆ ತುಳಿಯುತ್ತಾ ಹೋದರೆ ಅದೇ ಏರ್ಪಾಡು ತಿರುಗುಬಾಣವಾಗಿ ಪೆಡಲುಗಳನ್ನು ಬಿಚ್ಚತೊಡಗುತ್ತದೆ. ನಾನು ಒಂದಿಡೀ ತಿಂಗಳು, ಇಳಿದ ಮೇಲೆ ಸೈಕಲ್ಲನ್ನು ಮತ್ತೆ ನೇರ ಮಾಡಿಕೊಳ್ಳದೆಯೇ ಅಭ್ಯಾಸ ಮುಂದುವರಿಸಿದೆ. ಪೆಡಲು ಅಲುಗಾಡಿದಾಗ ಅದು ಪೆಡಲಿನದೇ ದೋಷವೆಂದುಕೊಂಡೆ. ಕೊನೆಗೆ ಎಡ ಕ್ರ್ಯಾಂಕಿನ ಸುಳಿಯೇ ಕಿತ್ತು, ಪೆಡಲು ಕಳಚಿ, ಮೊಣಕೈ ನೆಲ ಕಂಡಿತು. ಇಷ್ಟು ಹೆಸರುಗಳಿಗೆ ಜಾಗವಿದ್ದ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲಿಗೆ ಜಾಗವಿರಲಿಲ್ಲ.

ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಈ ಯೂನಿಸೈಕಲ್ ಆ ಮಡಿಕೆಯ ಕಸರತ್ತುಗಳಿಗೆ ಹೇಳಿದ್ದೇ ಅಲ್ಲ. ಇದರ ಕ್ರ್ಯಾಂಕು ಕೂರುವುದು ಚೌಕ ತುದಿಯ ಅಚ್ಚಿನ ಮೇಲೆ. ಮತ್ತೆ ಮತ್ತೆ ನೆಗೆದು ಇಳಿಯುವ ಪೆಟ್ಟಿಗೆ ಆ ಚೌಕ ಸಡಿಲವಾಗುತ್ತದೆ. ನೆಗೆತಗಳಿಗೆ ಬೇಕಾದದ್ದು ಹಲ್ಲುಗಚ್ಚಿನ ಹಬ್, ಅಂದರೆ ಅಚ್ಚು ಮತ್ತು ಕ್ರ್ಯಾಂಕು ಹಲ್ಲುಗಳಿಂದ ಒಂದನ್ನೊಂದು ಕಚ್ಚಿಕೊಳ್ಳುವ ಚಕ್ರದ ನಡುಭಾಗ; ಅಂಥದ್ದು ಇರುವ ಸೈಕಲ್ ಇದಕ್ಕಿಂತ ಭಾರ, ಬೆಲೆಯೂ ಹೆಚ್ಚು. ಎರಡು ಯೂನಿಸೈಕಲ್ ಇಟ್ಟುಕೊಳ್ಳುವ ಅನುಕೂಲ ನನಗಿಲ್ಲ. ಹೊಸ ಕ್ರ್ಯಾಂಕು ಹಾಕಿಸಿ, ಕೊನೆಯ ಮಡಿಕೆಯನ್ನು ಕತ್ತರಿಸಿ ಎಸೆದೆ. ನಿಮ್ಮ ಆಸೆ ನೆಗೆತಗಳ ಕಡೆಗಿದ್ದರೆ ಇದನ್ನು ಕೊಳ್ಳಬೇಡಿ. ಪಾದಗಳು ಪೆಡಲು ಬಿಟ್ಟು ಟೈರಿಗೆ ಬರಬೇಕೆಂದಿದ್ದರೆ, ಸೀಟಿನ ಮೆತ್ತನೆ ನೋಡುವ ಮೊದಲು ಹೆಗಲ ಮೇಲೆ ಶೂ ಇಟ್ಟು ನೋಡಿ. ಈ ಬೆಲೆಗೆ ಇಷ್ಟು ಒಳ್ಳೆಯ ಹೆಗಲನ್ನು ನಾನು ಬೇರೆಡೆ ಕಂಡಿಲ್ಲ.

ಕಳೆದ ವಾರ ಎಡಗಾಲಿನ ಉಜ್ಜುತೇಲು ಹನ್ನೆರಡು ಮೀಟರು ಬಂದಿತು. ಬಲಗಾಲಿನದು ಇನ್ನೂ ಐದನ್ನು ದಾಟಿಲ್ಲ.