ಫಿಂಗರ್ ಲೇಕ್ಸ್ ವೈನರಿಗಳು: ರೀಸ್ಲಿಂಗ್‌ಗೋಸ್ಕರ ಹೋಗಿ

ನ್ಯೂಯಾರ್ಕ್ ರಾಜ್ಯ ಅಂದರೆ ಮ್ಯಾನ್‌ಹಟನ್ ಮತ್ತು ನಯಾಗರಾ, ಅಷ್ಟೇ ಅಂದುಕೊಂಡು ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಎಲ್ಲರನ್ನೂ ಆ ಎರಡರ ಮಧ್ಯೆ ಕಾರಿನಲ್ಲಿ ಓಡಾಡಿಸುವ ನಮ್ಮ ನ್ಯೂಜೆರ್ಸಿ ಕನ್ನಡಿಗರಿಗೆ ಇದನ್ನು ಬರೆಯುತ್ತಿದ್ದೇನೆ. ದಾರಿಯಲ್ಲೇ ಫಿಂಗರ್ ಲೇಕ್ಸ್ ಸಿಗುತ್ತದೆ. ಹಿಮಯುಗದ ನೀರ್ಗಲ್ಲು ಕೊರೆದು ಹೋದ 11 ಉದ್ದನೆಯ ಸರೋವರಗಳು, ಅವುಗಳ ಇಳಿಜಾರಿನ ತುಂಬ ದ್ರಾಕ್ಷಿ ತೋಟ, ನೂರಕ್ಕೂ ಜಾಸ್ತಿ ವೈನರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯಿಂದ ಇಲ್ಲಿ ಮಾಡುವ ಡ್ರೈ, ಅಂದರೆ ಸಿಹಿ ಇಲ್ಲದ, ವೈನ್‌ನಷ್ಟು ಒಳ್ಳೆಯ ಬಿಳಿ ವೈನ್ ಅಮೆರಿಕದಲ್ಲಿ ನಾನು ಬೇರೆ ಎಲ್ಲೂ ಕುಡಿದಿಲ್ಲ. ಗಟ್ಟಿಯಾದ, ಬಾಯಿ ತುಂಬುವ ಕೆಂಪು ವೈನೇ ಬೇಕು ಅನ್ನುವವರಿಗೆ ಮಾತ್ರ ಇದು ಜಾಗ ಅಲ್ಲ.

ಇಷ್ಟು ಚಳಿ ಇರುವ ಕಡೆ ದ್ರಾಕ್ಷಿ ಹೇಗೆ ಬೆಳೆಯುತ್ತದೆ ಅನ್ನುವುದು ಗೊತ್ತಿದ್ದರೆ ಗ್ಲಾಸಿನಲ್ಲಿ ಇರುವುದು ಇನ್ನೂ ರುಚಿಸುತ್ತದೆ. ಇದಕ್ಕೆಲ್ಲ ಕಾರಣ ನೀರು. ಈ ಹನ್ನೊಂದರಲ್ಲಿ ಒಂದಾದ ಸೆನೆಕಾ ಸರೋವರದ ಆಳ 188 ಮೀಟರ್, ಅದರ ತಳ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಇಷ್ಟು ಆಳದ ನೀರು ಚಳಿಗಾಲದಲ್ಲಿ ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ. ಬೇಸಿಗೆಯಲ್ಲಿ ಹೀರಿಕೊಂಡ ಬಿಸಿಯನ್ನು, ಬೆಳಿಗ್ಗೆ ಕಾಯಿಸಿದ ಹಂಡೆ ನೀರು ಸಂಜೆವರೆಗೂ ಬೆಚ್ಚಗಿರುವ ಹಾಗೆ, ಚಳಿ ಬಂದ ಮೇಲೂ ಸುತ್ತಲಿನ ಇಳಿಜಾರಿಗೆ ನಿಧಾನವಾಗಿ ಬಿಡುತ್ತಾ ಇರುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಹಣ್ಣು ಮಾಗೋಕೆ ಇನ್ನಷ್ಟು ದಿನ ಸಿಗುತ್ತದೆ. ವಸಂತದಲ್ಲಿ ಇದೇ ತಣ್ಣನೆಯ ನೀರು ಗಾಳಿಯನ್ನೂ ತಣ್ಣಗಿಟ್ಟು, ಬಳ್ಳಿ ಅವಸರದಲ್ಲಿ ಚಿಗುರದಂತೆ ತಡೆಯುತ್ತದೆ, ಯಾಕೆಂದರೆ ಬೇಗ ಚಿಗುರಿದರೆ ತಡವಾಗಿ ಬರುವ ಹಿಮಕ್ಕೆ ಸುಟ್ಟುಹೋಗುತ್ತದೆ. ಆದರೂ ಪ್ರತಿ ವರ್ಷ ಉಳಿಯುತ್ತದೆ ಅಂತಲ್ಲ. 2023ರ ಮೇ ತಿಂಗಳಲ್ಲಿ ಒಂದು ರಾತ್ರಿಯ ಹಿಮ ಎಷ್ಟೋ ತೋಟಗಳ ಚಿಗುರನ್ನು ಸುಟ್ಟು ಹಾಕಿತು. ಶರತ್ಕಾಲದ ಕೊನೆಯಲ್ಲಿ ಹೋದರೆ ಬಳ್ಳಿಯ ಬುಡಕ್ಕೆ, ಕಸಿ ಕಟ್ಟಿದ ಜಾಗ ಮುಚ್ಚುವ ಹಾಗೆ, ಮಣ್ಣು ಏರಿಸಿರುವುದು ಕಾಣುತ್ತದೆ. ವಸಂತ ಬಂದಾಗ ಅಷ್ಟೂ ಮಣ್ಣನ್ನು ಮತ್ತೆ ತೆಗೆಯಬೇಕು. ವರ್ಷ ವರ್ಷ ಈ ಕೆಲಸ. ಒಂದು ಬಾಟಲಿಗೆ 20 ಡಾಲರ್ ಯಾಕೆ ಅಂತ ಕೇಳುವ ಮೊದಲು ಒಮ್ಮೆ ಅದನ್ನು ನೋಡಿ.

ಮೊದಲು ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಕ್ಯೂಕಾ ಸರೋವರದ ಪಶ್ಚಿಮ ದಡದಲ್ಲಿ, ಹ್ಯಾಮಂಡ್ಸ್‌ಪೋರ್ಟ್ ಹತ್ತಿರ ಇರುವ ಡಾಕ್ಟರ್ ಕಾನ್‌ಸ್ಟಾಂಟಿನ್ ಫ್ರಾಂಕ್ ವೈನರಿಗೆ. ಇಲ್ಲಿಯ ವೈನ್ ಕಥೆ ತಿರುಗಿದ್ದೇ ಅಲ್ಲಿಂದ. ಫ್ರಾಂಕ್ ಉಕ್ರೇನ್‌ನ ಒಡೆಸ್ಸಾ ಕಡೆಯವರು. ಚಳಿಯ ಜಾಗದಲ್ಲಿ ಯುರೋಪಿನ ದ್ರಾಕ್ಷಿ ಬೆಳೆಸುವುದನ್ನೇ ಓದಿ, ಮಾಡಿ ಬಂದವರು. 1951ರಲ್ಲಿ ವಲಸೆ ಬಂದಾಗ ಇಂಗ್ಲಿಷ್ ಬಾರದೆ ಇಲ್ಲಿಯದೇ ಜಿನೀವಾ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿ ಥರದ ಕೆಲಸ ಮಾಡಬೇಕಾಯಿತು. ಇಲ್ಲಿಯ ಚಳಿಗೆ ರೀಸ್ಲಿಂಗ್, ಶಾರ್ಡನೆ ಥರದ ಯುರೋಪಿನ ದ್ರಾಕ್ಷಿ ಎಲ್ಲ ಸತ್ತೇ ಹೋಗುತ್ತವೆ ಅಂತ ಆಗ ಎಲ್ಲರೂ ನಂಬಿದ್ದರು. ಚಳಿ ತಡೆಯುವ ಬೇರಿಗೆ ಕಸಿ ಕಟ್ಟಿದರೆ ಉಳಿಯುತ್ತದೆ, ನಮ್ಮ ಕಡೆ ಇದಕ್ಕಿಂತ ಜಾಸ್ತಿ ಚಳಿಯಲ್ಲಿ ಬೆಳೆಸಿದ್ದೇವೆ ಅಂದರು ಇವರು. ಅವರ ಮಾತಿಗೆ ಕಿವಿಗೊಟ್ಟವರು ಶಾರ್ಲ್ ಫೂರ್ನಿಯೆ, ಫ್ರಾನ್ಸಿನ ಶಾಂಪೇನ್ ಕಡೆಯಿಂದ ಬಂದು ಗೋಲ್ಡ್ ಸೀಲ್ ವೈನರಿ ನಡೆಸುತ್ತಿದ್ದವರು. ಕೊನೆಗೆ ಫ್ರಾಂಕ್ 1962ರಲ್ಲಿ ತಮ್ಮದೇ ವೈನರಿ ಶುರು ಮಾಡಿದರು. ಈಗ ಅದು ನಾಲ್ಕನೇ ತಲೆಮಾರಿನ ಕೈಯಲ್ಲಿದೆ.

ಅಲ್ಲಿ ಡ್ರೈ ರೀಸ್ಲಿಂಗ್ ಕುಡಿಯಿರಿ, ಅದನ್ನು ಹೇಳಬೇಕಾಗಿಲ್ಲ. ಆದರೆ ರ್ಕಾಟ್ಸಿಟೆಲಿ ಬಿಡಬೇಡಿ. ಜಾರ್ಜಿಯಾ ದೇಶದ ಹಳೆಯ ದ್ರಾಕ್ಷಿ ತಳಿ ಅದು, ಫ್ರಾಂಕ್ ಇಲ್ಲಿ ನೆಟ್ಟರು. ಹುಳಿ ಮುಂದೆ, ಹಿಂದೆಯೇ ಕಿತ್ತಳೆ ಸಿಪ್ಪೆಯ ಪರಿಮಳ, ಕೊನೆಯಲ್ಲಿ ಸಣ್ಣ ಒಗರು. ನನ್ನ ಜೊತೆ ಬಂದವರಲ್ಲಿ ವೈನ್ ಅಂದರೆ ಮೂಗು ಮುರಿಯುವವರೂ ಇದನ್ನು ಇನ್ನೊಂದು ಗುಟುಕು ಕೇಳಿದರು. ಕೂತು ಕುಡಿಯುವ ವ್ಯವಸ್ಥೆ ಇದೆ, ಕೆಳಗೆ ಸರೋವರ ಕಾಣುತ್ತದೆ, ವಿವರಿಸುವವರಿಗೆ ತಮ್ಮ ತೋಟದ ಬಗ್ಗೆ ನಿಜವಾಗಿ ಗೊತ್ತಿದೆ. ಮೊದಲೇ ಬುಕ್ ಮಾಡಿ ಹೋಗಿ.

ಅಲ್ಲೇ ಹತ್ತಿರದಲ್ಲಿ ಬುಲ್ಲಿ ಹಿಲ್. ಇದು ಇನ್ನೊಂದು ಥರ. ಇದನ್ನು ಬೆಳೆಸಿದ ವಾಲ್ಟರ್ ಟೇಲರ್ ದೊಡ್ಡ ಟೇಲರ್ ವೈನ್ ಕಂಪನಿಯ ಮನೆತನದವರು. ಆ ಕಂಪನಿಯ ವೈನ್ ತಯಾರಿಸುವ ರೀತಿಯನ್ನು ಬಹಿರಂಗವಾಗಿ ಟೀಕಿಸಿ ಹೊರಬಿದ್ದರು. 1977ರಲ್ಲಿ ಕೋಕಾ ಕೋಲಾ ಆ ಕಂಪನಿಯನ್ನು ಕೊಂಡ ಮೇಲೆ, ವಾಲ್ಟರ್ ತಮ್ಮದೇ ಮನೆತನದ ಹೆಸರನ್ನು ಬಾಟಲಿ ಮೇಲೆ ಹಾಕುವಂತಿಲ್ಲ ಅಂತ ಕಂಪನಿಯವರು ಕೋರ್ಟಿಗೆ ಹೋಗಿ ಗೆದ್ದರು. ಆಗ ವಾಲ್ಟರ್ ಲೇಬಲ್‌ಗಳ ಮೇಲಿದ್ದ ಹೆಸರನ್ನು ಕಪ್ಪು ಮಾರ್ಕರ್‌ನಿಂದ ಅಳಿಸಿ ಮಾರಿದರಂತೆ. ಜಾಗ ಲವಲವಿಕೆಯಿಂದ ಇದೆ, ಲೇಬಲ್‌ಗಳು ಚೆಂದ, ವೈನ್ ಬಹುತೇಕ ಹೈಬ್ರಿಡ್, ಅಂದರೆ ಬೇರೆ ಬೇರೆ ದ್ರಾಕ್ಷಿ ಬೆರೆಸಿ ಮಾಡಿದ ತಳಿಗಳದ್ದು, ಸಿಹಿ ಕಡೆಗೆ ವಾಲುತ್ತದೆ. ನನಗೆ ಕಥೆಯೇ ವೈನ್‌ಗಿಂತ ಜಾಸ್ತಿ ಇಷ್ಟವಾಯಿತು.

ಬುಲ್ಲಿ ಹಿಲ್‌ನಲ್ಲೇ ವೈನ್ ಮಾಡುತ್ತಿದ್ದ ಹರ್ಮನ್ ವೀಮರ್ ಸೆನೆಕಾ ಸರೋವರದ ಪಶ್ಚಿಮಕ್ಕೆ, ಡಂಡಿ ಹತ್ತಿರ ಹೋಗಿ 1979ರಲ್ಲಿ ತಮ್ಮ ವೈನರಿ ಕಟ್ಟಿದರು. ಜರ್ಮನಿಯ ಮೋಸೆಲ್ ಕಣಿವೆಯ ಬರ್ನ್‌ಕಾಸ್ಟೆಲ್ ಅವರ ಊರು, ರೀಸ್ಲಿಂಗ್ ಮನೆಯ ದ್ರಾಕ್ಷಿ. ಒಂದೇ ಒಂದು ವೈನರಿ ನೋಡಲು ಸಮಯ ಇದ್ದರೆ ಇದನ್ನೇ ನೋಡಿ. ಹಳೆಯ ಕೊಟ್ಟಿಗೆಯನ್ನು ಒಳಗೆ ಹೊಸದಾಗಿ ಕಟ್ಟಿದ್ದಾರೆ, ಎತ್ತರದ ಬಿಳಿ ಗೋಡೆ, ಹೆಚ್ಚು ಗದ್ದಲ ಇಲ್ಲ. ಇಲ್ಲಿಯ ವಿಶೇಷ ಅಂದರೆ ಒಂದೇ ತಳಿ, ಒಂದೇ ಮನೆಯ ವೈನ್, ಆದರೆ ಬೇರೆ ಬೇರೆ ತೋಟದ್ದನ್ನು ಬೇರೆ ಬೇರೆ ಬಾಟಲಿ ಮಾಡಿರುತ್ತಾರೆ. ಎಚ್‌ಜೆಡಬ್ಲ್ಯೂ ತೋಟದ್ದನ್ನೂ ಮ್ಯಾಗ್ಡಲೀನಾ ತೋಟದ್ದನ್ನೂ ಪಕ್ಕಪಕ್ಕ ಇಟ್ಟು ಕುಡಿಯಿರಿ. ಮೊದಲನೆಯದು ಬಿಗಿ, ನಿಂಬೆ, ಕಲ್ಲಿನ ತಣ್ಣನೆಯ ಗುಣ. ಎರಡನೆಯದು ಸ್ವಲ್ಪ ಬೆಚ್ಚಗಿನ ತೋಟ, ಪೀಚ್ ಹಣ್ಣಿನ ತಿರುಳು ಬಾಯಿಗೆ ಬರುತ್ತದೆ. ಮಣ್ಣು, ಇಳಿಜಾರು, ನೀರಿನಿಂದ ಎಷ್ಟು ದೂರ ಅನ್ನುವುದೆಲ್ಲ ರುಚಿಯಲ್ಲಿ ತಿಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿದಾಗ ನನಗೆ ಅಷ್ಟು ನಂಬಿಕೆ ಇರಲಿಲ್ಲ, ಈ ಎರಡು ಗ್ಲಾಸ್ ಮುಂದಿಟ್ಟುಕೊಂಡ ಮೇಲೆ ಅನುಮಾನ ಉಳಿಯಲಿಲ್ಲ. ಹಳೆಯ ರೀಸ್ಲಿಂಗ್ ಸಿಕ್ಕಿದರೆ ಅದನ್ನೂ ಕೇಳಿ ಹಾಕಿಸಿಕೊಳ್ಳಿ. ಸೀಮೆಎಣ್ಣೆಯ ವಾಸನೆ ಬರುತ್ತದೆ, ಗಾಬರಿ ಬೇಡ, ಅದು ಕೆಟ್ಟಿಲ್ಲ. ರೀಸ್ಲಿಂಗ್ ವಯಸ್ಸಾದ ಹಾಗೆ ಆ ವಾಸನೆ ಬರುವುದೇ ಹಾಗೆ, ಮತ್ತು ಅದು ಹಿಡಿಸಿದರೆ ಬಿಡುವುದು ಕಷ್ಟ.

ಈಗ ನಮ್ಮವರು ತಪ್ಪದೆ ಕುಡಿಯಬೇಕಾದ ಇನ್ನೊಂದು. ಇಲ್ಲಿ ಕಾಂಕರ್ಡ್, ಕಟಾಬಾ, ನಯಾಗರಾ ಅನ್ನುವ ಅಮೆರಿಕದ್ದೇ ದ್ರಾಕ್ಷಿಗಳ ಸಿಹಿ ವೈನ್ ಬಹಳ ಕಡೆ ಸಿಗುತ್ತದೆ. ವೈನ್ ತಿಳಿದವರು ಇವನ್ನು ಕೇಳಿದರೆ ಮುಖ ತಿರುಗಿಸುತ್ತಾರೆ. ನಾನು ಕಾಂಕರ್ಡ್ ಗ್ಲಾಸನ್ನು ಮೂಗಿನ ಹತ್ತಿರ ತಂದ ಕೂಡಲೇ ಹೊಳೆಯಿತು, ಇದು ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಪರಿಮಳ! ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ಬೆಳೆಯುವ, ಸಿಪ್ಪೆ ದಪ್ಪ, ಒಳಗೆ ಜಾರುವ ತಿರುಳು, ಬೀಜ ಇರುವ ಕಪ್ಪು ದ್ರಾಕ್ಷಿ. ಎರಡೂ ಲಬ್ರುಸ್ಕಾ ಎಂಬ ಅಮೆರಿಕದ ದ್ರಾಕ್ಷಿ ಕುಲಕ್ಕೆ ಸೇರಿದವು, ಹಾಗಾಗಿಯೇ ಆ ವಾಸನೆ. ಬೆಂಗಳೂರಿನಲ್ಲಿ ದ್ರಾಕ್ಷಿ ಜ್ಯೂಸ್ ಕುಡಿದು ಬೆಳೆದವರಿಗೆ ಈ ವೈನ್ ಅನ್ನು ಕೀಳು ಅನ್ನುವ ಮನಸ್ಸು ಬರಲ್ಲ. ನನಗಂತೂ ಬರಲಿಲ್ಲ. ಕನನ್‌ಡೇಗ್ವಾ ಸರೋವರದ ದಕ್ಷಿಣದ ನೇಪಲ್ಸ್ ಊರಿನಲ್ಲಿ ಇದೇ ಕಾಂಕರ್ಡ್‌ನಿಂದ ಗ್ರೇಪ್ ಪೈ ಮಾಡುತ್ತಾರೆ, ಸೆಪ್ಟೆಂಬರ್‌ನಲ್ಲಿ ಹೋದವರು ಬಿಸಿಯಾಗಿ ತಿನ್ನಿ.

ಸೆನೆಕಾದ ಪೂರ್ವ ದಡದಲ್ಲಿ 414ನೇ ರಸ್ತೆ ಹಿಡಿದು ಹೋದರೆ ಹೆಕ್ಟರ್ ಕಡೆ ಸಾಲು ಸಾಲು ವೈನರಿ. ಸಂಜೆ ಬಿಸಿಲು ಈ ದಡಕ್ಕೆ ನೇರ ಬೀಳುತ್ತದೆ, ಸ್ವಲ್ಪ ಬೆಚ್ಚಗಿನ ಜಾಗ. ಕೆಂಪು ವೈನ್ ಕುಡಿಯುವುದಿದ್ದರೆ ಇಲ್ಲಿ, ಅದೂ ಕ್ಯಾಬರ್ನೆ ಫ್ರಾಂಕ್ ಮತ್ತು ಬ್ಲಾವ್‌ಫ್ರಾಂಕಿಷ್ ಅನ್ನುವ ದ್ರಾಕ್ಷಿಗಳದ್ದು. ಎರಡೂ ಹಗುರ, ಸ್ವಲ್ಪ ಕಾಳುಮೆಣಸಿನ ಘಾಟು, ತಣ್ಣಗೆ ಕುಡಿದರೆ ಚೆನ್ನ. ಕ್ಯಾಬರ್ನೆ ಸಾವಿನ್ಯೋನ್ ಹೆಚ್ಚಿನ ವರ್ಷ ಹಸಿ ಹಸಿಯಾಗಿರುತ್ತದೆ, ದುಡ್ಡು ಕೊಡಬೇಡಿ.

ಬೇಸರ ಆಗಿದ್ದೂ ಹೇಳಬೇಕು. ಅಕ್ಟೋಬರ್‌ನ ಒಂದು ಶನಿವಾರ ಮಧ್ಯಾಹ್ನ, ಹೆಸರು ಬೇಡ, ಒಂದು ದೊಡ್ಡ ವೈನರಿಗೆ ಹೋದೆವು. ಹೊರಗೆ ಬಸ್ಸುಗಳು, ಒಳಗೆ ಮದುವೆ ಮುಂಚಿನ ಪಾರ್ಟಿಗಳ ಕೂಗಾಟ. ಹಾಕಿಕೊಡುವ ಹುಡುಗ ಗ್ಲಾಸಿಗೆ ಸುರಿದು ಹೆಸರು ಹೇಳಿ ಓಡುತ್ತಿದ್ದ, ಹಿಂದಿನದು ಮುಗಿಯುವ ಮೊದಲೇ ಮುಂದಿನದು. ವೈನ್ ಫ್ರಿಜ್‌ನಿಂದ ಈಗಷ್ಟೇ ತೆಗೆದಷ್ಟು ತಣ್ಣಗೆ, ವಾಸನೆಯೇ ಇಲ್ಲ. ದುಡ್ಡು ಮಾತ್ರ ಪೂರ್ತಿ. ಎಷ್ಟೋ ಜನ ಫಿಂಗರ್ ಲೇಕ್ಸ್ ಅಂದರೆ ಇಷ್ಟೇ ಅಂದುಕೊಂಡು ವಾಪಸ್ ಹೋಗುತ್ತಾರಲ್ಲ, ಅದು ನನಗೆ ನೋವು. ವಾರದ ದಿನ ಹೋಗಿ. ಆಗದಿದ್ದರೆ ಶನಿವಾರ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ದಿನಕ್ಕೆ ಮೂರು ವೈನರಿ ಸಾಕು. ನಾಲ್ಕನೆಯದರಲ್ಲಿ ನಾಲಿಗೆಗೆ ಏನೂ ಗೊತ್ತಾಗಲ್ಲ.

ಟೇಸ್ಟಿಂಗ್‌ಗೆ ಸಾಮಾನ್ಯವಾಗಿ 10ರಿಂದ 25 ಡಾಲರ್, ನಾಲ್ಕೈದು ಬಗೆ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಬಾಟಲಿ ಕೊಂಡರೆ ಕೆಲವು ಕಡೆ ಅದನ್ನು ಬಿಡುತ್ತಾರೆ. ಗ್ಲಾಸಿನಲ್ಲಿ ಉಳಿದದ್ದನ್ನು ಸುರಿಯೋಕೆ ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಇಲ್ಲದೆ ಸುರಿಯಿರಿ, ಯಾರೂ ಏನೂ ಅಂದುಕೊಳ್ಳಲ್ಲ. ಡ್ರೈವ್ ಮಾಡುವವರು ಕುಡಿಯಲೇಬಾರದು. ಸರೋವರದ ದಡದ ರಸ್ತೆಗಳು ಕಿರಿದು, ತಿರುವು ಜಾಸ್ತಿ, ಪೆನ್ ಯಾನ್ ಕಡೆ ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದವರ ಕುದುರೆ ಗಾಡಿಗಳು ರಸ್ತೆಯಲ್ಲೇ ಹೋಗುತ್ತಿರುತ್ತವೆ. ವೈನ್ ಬೇಡದ ಹಿರಿಯರು, ಮಕ್ಕಳು ಜೊತೆಗಿದ್ದರೆ ಸೆನೆಕಾದ ದಕ್ಷಿಣ ತುದಿಯಲ್ಲಿ ವಾಟ್ಕಿನ್ಸ್ ಗ್ಲೆನ್ ಇದೆ, ಒಂದೇ ಕಮರಿಯಲ್ಲಿ 19 ಜಲಪಾತ. ಮೆಟ್ಟಿಲು ಬಹಳ, ಹತ್ತೋಕೆ ಕಷ್ಟ ಆಗುವವರನ್ನು ಮೇಲಿನ ದ್ವಾರದಲ್ಲಿ ಇಳಿಸಿ ಕೆಳಗೆ ಇಳಿದು ಬರುವ ಹಾಗೆ ಮಾಡಿ. ಸಸ್ಯಾಹಾರಿಗಳಿಗೆ ಇಥಾಕಾದಲ್ಲಿ 1973ರಲ್ಲಿ ಶುರುವಾದ ಮೂಸ್‌ವುಡ್ ರೆಸ್ಟೋರೆಂಟ್ ಇದೆ. ಬಹಳಷ್ಟು ವೈನರಿಗಳಲ್ಲಿ ಚೀಸ್, ಬ್ರೆಡ್, ಅಷ್ಟೇ ಅಂತ ಲೆಕ್ಕ ಹಾಕಿ. ನಾವು ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಂಡು ಹೋಗುತ್ತೇವೆ, ಹೊರಗಿನ ಟೇಬಲ್‌ನಲ್ಲಿ ಕೂತು ತಿನ್ನಬಹುದಾ ಅಂತ ಕೇಳಿದರೆ ಬಹಳ ಕಡೆ ಸರಿ ಅಂದಿದ್ದಾರೆ.

ಯಾವುದು ಕೊಳ್ಳಬೇಕು ಅಂತ ಗೊಂದಲ ಆದರೆ ರೀಸ್ಲಿಂಗ್ ಬಾಟಲಿಯ ಹಿಂದೆ ನೋಡಿ. ಡ್ರೈಯಿಂದ ಸ್ವೀಟ್‌ವರೆಗೆ ಒಂದು ಅಳತೆ ಪಟ್ಟಿ ಬಹಳಷ್ಟು ಬಾಟಲಿಗಳ ಮೇಲೆ ಇರುತ್ತದೆ. ಮೀನು ಫ್ರೈಗೆ, ಸುಮ್ನೆ ಕೂತು ಕುಡಿಯೋಕೆ ಡ್ರೈ. ಘೀ ರೋಸ್ಟ್, ಪಂದಿ ಕರಿ, ಮೆಣಸಿನಕಾಯಿ ಬಜ್ಜಿ ಥರದ ಖಾರಕ್ಕೆ ಸೆಮಿ ಡ್ರೈ, ಯಾಕೆಂದರೆ ಅದರ ಸಣ್ಣ ಸಿಹಿ ಖಾರವನ್ನು ಇಳಿಸುತ್ತದೆ, ಹುಳಿ ಎಣ್ಣೆ ಜಿಡ್ಡನ್ನು ಕತ್ತರಿಸುತ್ತದೆ. ನಮ್ಮ ಊಟಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ವೈನ್ ನನಗೆ ಗೊತ್ತಿಲ್ಲ. ಕಾರಿನಲ್ಲಿ ಬಾಟಲಿಗಳನ್ನು ಬೇಸಿಗೆ ಬಿಸಿಲಿಗೆ ಬಿಟ್ಟು ಜಲಪಾತ ನೋಡೋಕೆ ಹೋಗಬೇಡಿ, ಕೂಲರ್ ಇಟ್ಟುಕೊಳ್ಳಿ. ಊರಿಗೆ ಒಯ್ಯುವವರಿಗೆ ಸುಂಕ ಇಲ್ಲದೆ ತಲೆಗೆ 2 ಲೀಟರ್‌ವರೆಗೆ ಬಿಡುತ್ತಾರೆ, ಅಂದರೆ ಮಾಮೂಲಿ ಅಳತೆಯ ಎರಡು ಬಾಟಲಿ. ವೀಮರ್‌ನ ಡ್ರೈ ಒಂದು, ಫ್ರಾಂಕ್‌ನ ಸೆಮಿ ಡ್ರೈ ಒಂದು, ಬಟ್ಟೆಯಲ್ಲಿ ಸುತ್ತಿ ಚೆಕ್ ಇನ್ ಬ್ಯಾಗಿನ ನಡುವೆ ಇಡಿ.