ವಿನ್ಸ್ ಗಿಲ್ ಅವರನ್ನು ನ್ಯಾಶ್‌ವಿಲ್‌ನಲ್ಲಿ ಎಲ್ಲಿ ಕೇಳಬೇಕು? ಆಪ್ರಿ, ರೈಮನ್ ಮತ್ತು ಒಂದು ಸೋಮವಾರದ ರಾತ್ರಿ

ಅಮೆರಿಕದ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ಗೆ ಹೊರಟ ಗೆಳೆಯರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಗ್ರ್ಯಾಂಡ್ ಓಲ್ ಆಪ್ರಿಗೆ ಹೋಗೋಣವಾ, ರೈಮನ್‌ಗೆ ಹೋಗೋಣವಾ?" ಎರಡೂ ಒಳ್ಳೆಯ ಜಾಗಗಳೇ. ಆದರೆ ವಿನ್ಸ್ ಗಿಲ್ ಹಾಡೋದನ್ನು ಕೇಳಬೇಕು ಅಂತಲೇ ಹೋಗುವವರಿಗೆ ನಾನು ಮೊದಲು ಹೇಳುವುದು ಮೂರನೇ ಜಾಗದ ಹೆಸರು: ಥರ್ಡ್ ಅಂಡ್ ಲಿಂಡ್ಸ್ಲಿ. ಬ್ರಾಡ್‌ವೇ ಬೀದಿಯ ಗದ್ದಲದಿಂದ ಸ್ವಲ್ಪ ದಕ್ಷಿಣಕ್ಕೆ, ಎರಡು ರಸ್ತೆ ಸೇರುವ ಮೂಲೆಯಲ್ಲಿದೆ. ಊಟ, ಬಿಯರ್, ಜೊತೆಗೆ ಸಂಗೀತ. ಮೂರೂ ಕಡೆ ಅವರನ್ನು ಕೇಳಿದ ಮೇಲೆ ನನಗೆ ಅನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ವಿನ್ಸ್ ಗಿಲ್ ಗೊತ್ತಿಲ್ಲದವರಿಗೆ ಎರಡು ಮಾತು. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತದ ಹಾಡುಗಾರ. 1957ರಲ್ಲಿ ಓಕ್ಲಹೋಮಾದಲ್ಲಿ ಹುಟ್ಟಿದವರು. 1991ರಲ್ಲಿ ಆಪ್ರಿಯ ಸದಸ್ಯರಾದರು, 2007ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರಿದರು. 2017ರಿಂದ ಈಗಲ್ಸ್ ಅನ್ನುವ ರಾಕ್ ತಂಡದಲ್ಲೂ ಹಾಡುತ್ತಿದ್ದಾರೆ. ದನಿ ತೀರಾ ಎತ್ತರದ್ದು, ಆದರೆ ಎಲ್ಲೂ ಕಿರುಚುವುದಿಲ್ಲ. ಹಾಡುಗಾರ ಅಂತ ಹೆಸರಾದರೂ ಗಿಟಾರ್ ನುಡಿಸುವುದರಲ್ಲೂ ಅಷ್ಟೇ ದೊಡ್ಡವರು. ಈ ಎರಡನೇ ವಿಷಯ ನೆನಪಿರಲಿ, ಹೋಲಿಕೆಯಲ್ಲಿ ಅದು ಮುಖ್ಯ.

ಮೊದಲು ಆಪ್ರಿ. ಇದು ನಿಜವಾಗಿ ಒಂದು ರೇಡಿಯೋ ಕಾರ್ಯಕ್ರಮ. 1925ರಲ್ಲಿ ಡಬ್ಲ್ಯೂಎಸ್‌ಎಂ ಕೇಂದ್ರದಲ್ಲಿ ಶುರುವಾಗಿದ್ದು ಇವತ್ತಿಗೂ ನೇರ ಪ್ರಸಾರ ಆಗುತ್ತದೆ. ಹಾಡು ಹಾಡಿನ ನಡುವೆ ನಿರೂಪಕರು ವೇದಿಕೆ ಪಕ್ಕದಲ್ಲೇ ನಿಂತು ಜಾಹೀರಾತು ಓದುತ್ತಾರೆ. ಕೇಳೋಕೆ ಖುಷಿಯಾಗುತ್ತದೆ. 1974ರಲ್ಲಿ ಕಟ್ಟಿದ ಈಗಿನ ಆಪ್ರಿ ಹೌಸ್‌ನಲ್ಲಿ ಸುಮಾರು 4,400 ಸೀಟು. ಹಳೆಯ ರೈಮನ್ ವೇದಿಕೆಯಿಂದ ತಂದ ಮರದ ಒಂದು ವೃತ್ತವನ್ನು ಇಲ್ಲಿಯ ವೇದಿಕೆಗೆ ಕೂರಿಸಿದ್ದಾರೆ. ಹಾಡುವವರು ಅದರ ಮೇಲೆ ನಿಲ್ಲುತ್ತಾರೆ. ಮೊದಲ ಸಲ ಅಲ್ಲಿ ಕಾಲಿಟ್ಟ ಹುಡುಗ ಹುಡುಗಿಯರ ಮುಖ ನೋಡಿದರೆ ಸಾಕು, ಅದರ ಬೆಲೆ ಗೊತ್ತಾಗುತ್ತದೆ.

ಆದರೆ ಆಪ್ರಿಯ ಪದ್ಧತಿಯೇ ಹಾಗೆ: ಒಬ್ಬೊಬ್ಬರಿಗೆ ಎರಡೋ ಮೂರೋ ಹಾಡು. ವಿನ್ಸ್ ಬರುತ್ತಾರೆ, ಎಲ್ಲರೂ ಬಯಸುವ ಹಾಡು ಹಾಡುತ್ತಾರೆ, ಹೋಗುತ್ತಾರೆ. ಕಿವಿ ಅವರ ದನಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಒಂದೇ ರಾತ್ರಿ ಹಳಬರು ಹೊಸಬರು ಎಲ್ಲರನ್ನೂ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಬ್ಬರಿಗಾಗಿಯೇ ಹೋಗುವವರಿಗೆ ಸಾಲದು.

ರೈಮನ್ ಬೇರೆಯದೇ ಅನುಭವ. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು, ಆಮೇಲೆ 1943ರಿಂದ 1974ರವರೆಗೆ ಆಪ್ರಿಯ ಮನೆಯಾಗಿತ್ತು. 2,362 ಜನ ಕೂರಬಹುದು. ಈಗಲೂ ಚರ್ಚಿನ ಉದ್ದನೆಯ ಮರದ ಬೆಂಚುಗಳೇ. ಪಕ್ಕದವರ ಭುಜ ತಾಗುತ್ತದೆ, ಮಧ್ಯೆ ಕೈ ಇಡೋಕೆ ಏನೂ ಇಲ್ಲ. ಬಾಲ್ಕನಿ ಕೆಳಗೆ ಕಂಬಗಳಿವೆ, ಟಿಕೆಟ್ ತಗೊಳ್ಳುವಾಗ ಅದನ್ನು ನೋಡಿಕೊಳ್ಳಿ. ಆದರೆ ಆ ಹಳೆಯ ಕಟ್ಟಡದಲ್ಲಿ ದನಿ ಹರಡುವ ರೀತಿ! ಸ್ಪೀಕರ್‌ನಿಂದ ಬಂತು ಅನಿಸುವುದೇ ಇಲ್ಲ. ವಿನ್ಸ್ ಅವರ ಎತ್ತರದ ಸ್ವರಗಳು ಹಿಂದಿನ ಸಾಲಿನವರೆಗೂ ತೆಳುವಾಗದೆ ಬರುತ್ತವೆ.

ಅವರ 'ಗೋ ರೆಸ್ಟ್ ಹೈ ಆನ್ ದಟ್ ಮೌಂಟನ್' ಕೇಳಬೇಕಾದರೆ ರೈಮನ್‌ನಲ್ಲೇ ಕೇಳಬೇಕು. ಹಾಡುಗಾರ ಕೀತ್ ವಿಟ್ಲಿ 1989ರಲ್ಲಿ ತೀರಿಕೊಂಡಾಗ ಬರೆಯಲು ಶುರು ಮಾಡಿ, ತಮ್ಮ ಅಣ್ಣ ತೀರಿಕೊಂಡ ಮೇಲೆ ಮುಗಿಸಿದ ಹಾಡು ಅದು. ಸಾವಿನ ಮನೆಯಲ್ಲಿ ಹಾಡುವಂಥದ್ದು. ಅದಕ್ಕೆ ಪ್ರಾರ್ಥನೆಗೆ ಅಂತಲೇ ಕಟ್ಟಿದ ಗೋಡೆಗಳು ಬೇಕು. ಪೂರ್ತಿ ಸಂಜೆ ಅವರದೇ ಆಗಿರುವುದರಿಂದ ಹಾಡುಗಳ ನಡುವೆ ಮಾತೂ ಆಡುತ್ತಾರೆ, ಅವಸರ ಇಲ್ಲ. ಹೆಂಡತಿ ಏಮಿ ಗ್ರಾಂಟ್ ಜೊತೆ ಡಿಸೆಂಬರ್‌ನಲ್ಲಿ ಇಲ್ಲಿ ಮಾಡುವ ಕ್ರಿಸ್‌ಮಸ್ ಕಾರ್ಯಕ್ರಮಗಳು ಆ ಊರಿನ ವಾಡಿಕೆಯೇ ಆಗಿವೆ. ಇಷ್ಟೆಲ್ಲ ಇದ್ದರೂ ಇಲ್ಲಿ ನೀವು ಕೇಳುವುದು ಹೆಸರಾಂತ ವಿನ್ಸ್ ಗಿಲ್ ಅವರನ್ನು. ಜನ ಹಿಟ್ ಹಾಡು ಕೇಳೋಕೆ ಬಂದಿರುತ್ತಾರೆ, ಅವರು ಹಾಡಲೇಬೇಕು.

ಇನ್ನು ಥರ್ಡ್ ಅಂಡ್ ಲಿಂಡ್ಸ್ಲಿಯ ಸೋಮವಾರದ ವಿಷಯ.

'ಟೈಮ್ ಜಂಪರ್ಸ್' ಅಂತ ಒಂದು ತಂಡ. ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ ಬೇರೆಯವರ ಹಾಡಿಗೆ ನುಡಿಸಿ ಜೀವನ ಮಾಡುವ ದೊಡ್ಡ ವಾದ್ಯಗಾರರು 1998ರಲ್ಲಿ ತಮ್ಮ ಖುಷಿಗೆ ಅಂತ ಸೇರಿ ಶುರು ಮಾಡಿದ್ದು. ಸೋಮವಾರ ಯಾಕೆ ಅಂದರೆ, ವಾರಾಂತ್ಯದಲ್ಲಿ ಇಂಥವರು ಊರೂರು ಸುತ್ತುತ್ತಿರುತ್ತಾರೆ. ಸೋಮವಾರ ಬಿಡುವು. ಮೊದಲು ಸ್ಟೇಷನ್ ಇನ್ ಅನ್ನುವ ಪುಟ್ಟ ಜಾಗದಲ್ಲಿ ನುಡಿಸುತ್ತಿದ್ದರು. ಜನ ಹೆಚ್ಚಾಗಿ 2012ರಲ್ಲಿ ಥರ್ಡ್ ಅಂಡ್ ಲಿಂಡ್ಸ್ಲಿಗೆ ಬಂದರು. ವಿನ್ಸ್ ಈ ತಂಡ ಸೇರಿದ್ದು 2010ರಲ್ಲಿ, ಇತರರಂತೆ ಒಬ್ಬ ಸದಸ್ಯರಾಗಿ.

ನುಡಿಸುವುದು ವೆಸ್ಟರ್ನ್ ಸ್ವಿಂಗ್. 1930ರ ದಶಕದಲ್ಲಿ ಟೆಕ್ಸಸ್, ಓಕ್ಲಹೋಮಾ ಕಡೆಯ ಕುಣಿತದ ಹಾಲ್‌ಗಳಲ್ಲಿ ಬಾಬ್ ವಿಲ್ಸ್ ಥರದವರು ಬೆಳೆಸಿದ್ದು. ಹಳ್ಳಿ ಕಡೆಯ ಫಿಡ್ಲ್ (ಪಿಟೀಲು) ಸಂಗೀತಕ್ಕೆ ಜಾಝ್ ಬೆರೆತದ್ದು. ವಿನ್ಸ್ ಹುಟ್ಟೂರಿನ ಕಡೆಯ ಸಂಗೀತವೇ ಇದು, ಅಲ್ವಾ? ಅದಕ್ಕೇ ಇರಬೇಕು, ಇಲ್ಲಿ ಅವರ ಕೈ ಬೇರೆ ಥರ ಓಡುತ್ತದೆ.

ಮುಂದಿನ ಟೇಬಲ್‌ನಲ್ಲಿ ಕೂತರೆ ಅವರ ಬೆರಳು ಕಾಣುತ್ತದೆ. ಇದು ಸಣ್ಣ ಮಾತಲ್ಲ. ಫಿಡ್ಲ್‌ನವರ ಸರದಿ ಬಂದಾಗ ಬಲಗೈಯ ಕಿರುಬೆರಳಲ್ಲಿ ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಇಳಿಸಿಕೊಳ್ಳುತ್ತಾರೆ. ಅವರ ಗಿಟಾರ್ ಇರುವುದೇ ಗೊತ್ತಾಗದ ಹಾಗೆ, ತಾಳಕ್ಕೆ ಮಾತ್ರ ಒತ್ತು ಕೊಡುತ್ತಾ ಕೂರುತ್ತಾರೆ. ಪಕ್ಕದವರು ಒಂದು ಒಳ್ಳೆಯ ಸುತ್ತು ಮುಗಿಸಿದರೆ ತಲೆ ಎತ್ತಿ ನಗುತ್ತಾರೆ. ತಮ್ಮ ಸರದಿ ಬಂದಾಗ ಮತ್ತೆ ಅದೇ ಬೆರಳಲ್ಲಿ ಗುಂಡಿ ಏರಿಸಿ, ಎರಡು ಸ್ವರ ನುಡಿಸಿ, ನಿಲ್ಲಿಸಿ, ಮುಂದುವರಿಯುತ್ತಾರೆ. ರೈಮನ್‌ನಲ್ಲಿ ಇದ್ಯಾವುದೂ ನನಗೆ ಕಂಡಿರಲಿಲ್ಲ. ಅಷ್ಟು ದೂರದಿಂದ ಕಾಣುವುದೂ ಇಲ್ಲ.

ಇನ್ನೊಂದು ಪೆಡಲ್ ಸ್ಟೀಲ್. ನುಡಿಸುವವರು ಪಾಲ್ ಫ್ರಾಂಕ್ಲಿನ್. ರಾಕ್ ಕೇಳುವವರಿಗೆ ಡೈರ್ ಸ್ಟ್ರೇಟ್ಸ್ ತಂಡದ 1991ರ ಆಲ್ಬಂನಿಂದ ಗೊತ್ತಿರಬಹುದು. ಈ ವಾದ್ಯ ಟೇಬಲ್‌ನಂತೆ ಮುಂದೆ ನಿಂತಿರುತ್ತದೆ. ಎಡಗೈಯಲ್ಲಿ ಉಕ್ಕಿನ ತುಂಡನ್ನು ತಂತಿ ಮೇಲೆ ಜಾರಿಸುತ್ತಾರೆ, ಕೆಳಗೆ ಪಾದದಿಂದ ಪೆಡಲ್ ಒತ್ತುತ್ತಾರೆ, ಮೊಣಕಾಲಿನಿಂದ ಸನ್ನೆಕೋಲು ತಳ್ಳುತ್ತಾರೆ. ಮೀಟಿದ ತಂತಿ ಇನ್ನೂ ನುಡಿಯುತ್ತಿರುವಾಗಲೇ ಅದರ ಸ್ವರ ಮೇಲೆ ಕೆಳಗೆ ಸರಿಯುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಹಿಂದೂಸ್ತಾನಿ ಮೀಂಡ್ ಕೇಳಿ ಬೆಳೆದ ಕಿವಿಗೆ ಇದು ಹೊರಗಿನದು ಅನಿಸುವುದೇ ಇಲ್ಲ. ಇದಕ್ಕೊಂದು ಕಾರಣವೂ ಇದೆ. ಹವಾಯಿಯ ಸ್ಟೀಲ್ ಗಿಟಾರ್ ಅಮೆರಿಕದಲ್ಲಿ ಕಂಟ್ರಿ ಸಂಗೀತಕ್ಕೆ ಬಂದ ಹಾಗೆಯೇ ನಮ್ಮ ದೇಶಕ್ಕೂ ಬಂತು, ಅದರಿಂದಲೇ ನಮ್ಮಲ್ಲಿ ಸ್ಲೈಡ್ ಗಿಟಾರ್‌ನಲ್ಲಿ ರಾಗ ನುಡಿಸುವ ಪರಂಪರೆ ಬೆಳೆಯಿತು. ದೊಡ್ಡ ಹಾಲ್‌ನಲ್ಲಿ ಈ ಪೆಡಲ್ ಸ್ಟೀಲ್ ಹಾಡಿನ ಹಿಂದೆ ಮಂಜಿನ ಹಾಗೆ ಇರುತ್ತದೆ. ಇಲ್ಲಿ ಒಂದೊಂದು ಜಾರುವಿಕೆಯೂ ಬಿಡಿಬಿಡಿಯಾಗಿ ಕೇಳುತ್ತದೆ.

ತಂಡದಲ್ಲಿ ಡಾನ್ ಸಿಯರ್ಸ್ ಅಂತ ಹಾಡುಗಾರ್ತಿ ಇದ್ದರು. ವಿನ್ಸ್ ಅವರ ಹಾಡುಗಳ ಹಿಂದೆ ಎಷ್ಟೋ ವರ್ಷ ದನಿ ಸೇರಿಸಿದವರು. 2014ರ ಕೊನೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನೆನಪಿಗೆ ವಿನ್ಸ್ ಬರೆದ 'ಕಿಡ್ ಸಿಸ್ಟರ್' 2017ರಲ್ಲಿ ಗ್ರ್ಯಾಮಿ ಪಡೆಯಿತು. ಆ ಹಾಡನ್ನು ಅವರ ಜೊತೆಗಾರರೇ ತುಂಬಿರುವ ವೇದಿಕೆಯಿಂದ ಕೇಳುವುದಕ್ಕೂ ರೆಕಾರ್ಡಿಂಗ್ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಯಾರಿಗಾಗಿ ಹಾಡುತ್ತಿದ್ದಾರೋ ಅವರನ್ನು ಬಲ್ಲವರು ಎದುರಿಗೇ ಕೂತು ನುಡಿಸುತ್ತಿರುತ್ತಾರೆ.

ಸೋಮವಾರ ಎಲ್ಲರಿಗೂ ಹಿಡಿಸುತ್ತದೆ ಅಂತ ಹೇಳಲಾರೆ. ವಿನ್ಸ್ ಎಲ್ಲ ಹಾಡನ್ನೂ ಹಾಡುವುದಿಲ್ಲ. ಬೇರೆಯವರು ಹಾಡುತ್ತಾರೆ, ಇವರು ನುಡಿಸುತ್ತಾರೆ. ರೇಡಿಯೋದಲ್ಲಿ ಬಂದ ಹಾಡುಗಳಿಗಿಂತ ಹಳೆಯ ಕುಣಿತದ ಹಾಡುಗಳೇ ಜಾಸ್ತಿ. ಜನ ಊಟ ಮಾಡುತ್ತಿರುತ್ತಾರೆ, ತಟ್ಟೆ ಸದ್ದು ಇರುತ್ತದೆ. ಈ ಸಂಗೀತ ಹುಟ್ಟಿದ್ದೇ ಜನ ಕುಡಿದು ಕುಣಿಯುವ ಜಾಗದಲ್ಲಿ, ಹಾಗಾಗಿ ನನಗೆ ಅದು ಸಹಜ ಅನಿಸುತ್ತದೆ. ಹಿಟ್ ಹಾಡು ಕೇಳೋಕೆ ಬಂದವರಿಗೆ ಮಾತ್ರ ಬೇಸರ ಆಗಬಹುದು.

ಪುಟ್ಟ ಜಾಗ ಅಂದರೆ ಬ್ಲೂಬರ್ಡ್ ಕೆಫೆ ಅಲ್ವಾ ಅಂತ ಕೇಳುವವರಿದ್ದಾರೆ. ಅಂಗಡಿ ಸಾಲಿನ ನಡುವೆ ಇರುವ, ಸುಮಾರು 90 ಜನ ಹಿಡಿಯುವ ಕೋಣೆ. ಹಾಡು ಬರೆದವರೇ ಮಧ್ಯದಲ್ಲಿ ವೃತ್ತವಾಗಿ ಕೂತು ಹಾಡುತ್ತಾರೆ, ಕೇಳುವವರು ಪಿಸುಮಾತೂ ಆಡುವಂತಿಲ್ಲ. ಹಾಡು ಹೇಗೆ ಹುಟ್ಟಿತು ಅಂತ ತಿಳಿಯಬೇಕಾದರೆ ಅಲ್ಲಿಗೇ ಹೋಗಿ. ವಾದ್ಯಗಳ ಆಟ ಬೇಕಾದರೆ ಅದು ಜಾಗವಲ್ಲ. ಸ್ಟೇಷನ್ ಇನ್ ಈಗಲೂ ಬ್ಲೂಗ್ರಾಸ್‌ಗೆ, ಅಂದರೆ ಬ್ಯಾಂಜೊ, ಫಿಡ್ಲ್‌ಗಳ ವೇಗದ ಹಳ್ಳಿ ಸಂಗೀತಕ್ಕೆ, ಊರಲ್ಲೇ ಒಳ್ಳೆಯದು.

ಕಂಟ್ರಿ ಸಂಗೀತವೇ ಹೊಸದು, ಜೊತೆಗೆ ಮಕ್ಕಳು, ಹಿರಿಯರು ಇದ್ದಾರೆ ಅಂದರೆ ಆಪ್ರಿ. ವಿನ್ಸ್ ಅವರ ಹಾಡುಗಳು ಬಾಯಿಪಾಠ ಇದ್ದವರು ರೈಮನ್‌ಗೆ ಹೋಗಿ, ಡಿಸೆಂಬರ್ ಆದರೆ ಇನ್ನೂ ಒಳ್ಳೆಯದು. ಅವರ ಕೈ, ಕಿವಿ, ಜೊತೆಗಾರರ ಮೇಲಿನ ಪ್ರೀತಿ ನೋಡಬೇಕು ಅನ್ನುವವರಿಗೆ ಸೋಮವಾರ. ಈಗಲ್ಸ್ ಜೊತೆ ಪ್ರವಾಸದಲ್ಲಿದ್ದರೆ ವಿನ್ಸ್ ಆ ರಾತ್ರಿ ಇರುವುದಿಲ್ಲ, ಅದಕ್ಕೆ ವಿಮಾನದ ಟಿಕೆಟ್ ಮಾಡುವ ಮುಂಚೆ ಎರಡೂ ತಂಡಗಳ ಕಾರ್ಯಕ್ರಮ ಪಟ್ಟಿ ನೋಡಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಪೆಡಲ್ ಸ್ಟೀಲ್ ಇರುವ ಕಡೆಗೆ ಟೇಬಲ್ ಹಿಡಿಯಿರಿ.