ಕುದುರೆ-ಸವಾರನ ಫೋಟೋಗೆ 35 ಎಂಎಂ ಲೆನ್ಸಾ, 70-200 ಆ?

ಮೈಸೂರು ದಸರಾದಲ್ಲಿ ಅಶ್ವಾರೋಹಿ ಪೊಲೀಸ್ರನ್ನ ಕುದುರೆ ಜೊತೆ ತೆಗೀಬೇಕು ಅಂತಿರೋರಿಗೆ ನನ್ನ ಓಟು ದೂರದ್ದನ್ನ ಹತ್ರ ತೋರಿಸೋ 70-200 ಎಂಎಂ ಜೂಮ್ ಲೆನ್ಸಿಗೇ. 35 ಅಗಲವಾಗಿ ತೋರಿಸುತ್ತೆ, ಅದರಲ್ಲಿ ಮುಖ ತುಂಬಿಸೋಕೆ ತೀರಾ ಹತ್ರ ಹೋಗ್ಬೇಕು, ಆಗ ಮೂತಿ ದಪ್ಪ ಕಾಣುತ್ತೆ, ಮೇಲಾಗಿ ಕುದುರೆ ನಮ್ಮನ್ನೇ ನೋಡ್ತಾ ನಿಂತ್ಬಿಡುತ್ತೆ. 70-200 ಹಾಕ್ಕೊಂಡು ದೂರ ನಿಂತ್ರೆ ಇಬ್ರೂ ತಮ್ಮ ಪಾಡಿಗಿರ್ತಾರೆ, ಸವಾರ ಇಳಿದು ಕತ್ತು ತಟ್ತಾನೆ, ಅದು ಒಂದು ಕಿವಿ ಅವನ ಕಡೆ ತಿರುಗಿಸಿ ತೋಳಿಗೆ ಮೂತಿ ಒತ್ತುತ್ತೆ, ಎಂಥಾ ಚೆಂದ ಅಂತೀರ, ಅದಕ್ಕೇ ಕಾಯ್ಬೇಕು. ಬನ್ನಿಮಂಟಪದ ಪಂಜಿನ ಕವಾಯತು ರಾತ್ರಿ ನಡೆಯೋದ್ರಿಂದ ಹೆಚ್ಚು ಬೆಳಕು ಒಳಬಿಡೋ ಎಫ್/2.8 ದೇ ತಗೊಳ್ಳಿ, ಸಾಮಾನ್ಯವಾಗಿ ಒಂದು ಕೆಜಿ ಮೇಲೇ ತೂಗುತ್ತೆ, ಕೈ ನೋಯುತ್ತೆ ನಿಜ. ಲಾಯದೊಳಗೆ ಜಾಗ ಕಮ್ಮಿ, ಅಲ್ಲಿಗೆ 35 ಸರಿ. ಫ್ಲ್ಯಾಶ್ ಮಾತ್ರ ಎಲ್ಲೂ ಬೇಡ, ಕುದುರೆ ಬೆದರುತ್ತೆ.